ಕೈಯಲ್ಲಿ ಮಾಡುವ ಗಣಿತ, ಪರದೆ ಮೇಲಿನ ಗಣಿತ: ಯಾವುದು ಮೊದಲು?

ಏಳನೇ_ಕ್ಲಾಸ್_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಆರು, ಏಳು, ಎಂಟನೇ ತರಗತಿಗಳಿಗೆ ಗಣಿತ ಹೇಳಿಕೊಡುತ್ತೇನೆ. ಹೋದ ವಾರ ನಡೆದ ಒಂದು ಸಂಗತಿ ತಲೆಯಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭಿನ್ನರಾಶಿ ಕೂಡುವುದಕ್ಕೆ ಒಂದು ಆನ್‌ಲೈನ್ ಆಟ ಕೊಟ್ಟಿದ್ದೆ. ಮಕ್ಕಳು ಖುಷಿಯಾಗಿ ಆಡಿದರು. ಹೆಚ್ಚುಕಮ್ಮಿ ಎಲ್ಲರಿಗೂ ಪೂರ್ತಿ ಅಂಕ ಬಂತು. ಮಾರನೇ ದಿನ ಬೋರ್ಡ್ ಮೇಲೆ 1/2 + 1/3 ಬರೆದೆ. ಅರ್ಧ ಕ್ಲಾಸು 2/5 ಅಂತ ಉತ್ತರ ಬರೆಯಿತು. ಒಬ್ಬ ಹುಡುಗಿಯ ಪಕ್ಕ ಕೂತು ಅದೇ ಆಟ ಮತ್ತೆ ಆಡಿಸಿ ನೋಡಿದೆ. ಅವಳು ಲೆಕ್ಕ ಓದುತ್ತಲೇ ಇರಲಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುತ್ತಿದ್ದಳು. ಕೆಂಪು ಬಂದರೆ ಇನ್ನೊಂದು. ಹಸಿರು ಬಂದರೆ ಮುಂದಿನ ಲೆಕ್ಕ. ಬೆರಳು ಓಡುತ್ತಿತ್ತು, ಕಣ್ಣು ಬಣ್ಣವನ್ನಷ್ಟೇ ನೋಡುತ್ತಿತ್ತು.

ಆನ್‌ಲೈನ್ ಬೇಡ ಅಂತ ನಾನು ಹೇಳುತ್ತಿಲ್ಲ. ಯಾವುದನ್ನು ಕೈಯಲ್ಲಿ ಮಾಡಿಸಬೇಕು, ಯಾವುದನ್ನು ಕಂಪ್ಯೂಟರಿನಲ್ಲಿ ಮಾಡಿಸಬೇಕು, ಯಾವುದು ಮೊದಲು? ಮಾಡಿ ನೋಡಿದವರು ದಯವಿಟ್ಟು ಹೇಳಿ. ಸುಮ್ನೆ ಲಿಂಕ್‌ಗಳ ಪಟ್ಟಿ ಬೇಡ, ಕ್ಲಾಸಿನಲ್ಲಿ ಏನಾಯಿತು ಅನ್ನುವುದು ಬೇಕು.

ಕಾಗದದೋಣಿ

ಟೀಚರ್, ಈ 2/5 ಎಲ್ಲ ಕಡೆ ಬರುತ್ತದೆ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡುವುದು ಮಕ್ಕಳಿಗೆ ತೀರಾ ಸಹಜವಾಗಿ ಕಾಣುತ್ತದೆ. ತಪ್ಪು ಅಂತ ನೀವು ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ. ಅವರ ಕೈಯಲ್ಲೇ ಅದು ಮುರಿಯಬೇಕು.

ನಾನು ಮಾಡಿಸುವುದು ಇಷ್ಟು. ಒಂದೇ ಉದ್ದದ ಕಾಗದದ ಪಟ್ಟಿಗಳನ್ನು ಪ್ರತಿ ಜೋಡಿಗೆ ಐದೈದು ಕೊಡುತ್ತೇನೆ. ಒಂದು ಇಡೀ ಪಟ್ಟಿ. ಇನ್ನೊಂದರಿಂದ ಅರ್ಧ ಕತ್ತರಿಸಬೇಕು, ಮತ್ತೊಂದರಿಂದ ಮೂರನೇ ಒಂದು ಭಾಗ. ಅರ್ಧವನ್ನೂ ಮೂರನೇ ಒಂದನ್ನೂ ಒಂದರ ಹಿಂದೆ ಒಂದು ಇಡೀ ಪಟ್ಟಿಯ ಕೆಳಗೆ ಜೋಡಿಸಬೇಕು. ಸ್ವಲ್ಪ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗಕ್ಕೆ ಸರಿಹೊಂದುವ ತುಂಡು ಯಾವುದು ಅಂತ ಹುಡುಕಲು ಬಿಡುತ್ತೇನೆ. ಕಾಲು ಭಾಗ ಇಟ್ಟು ನೋಡುತ್ತಾರೆ, ಜಾಸ್ತಿ ಆಗುತ್ತದೆ. ಐದನೇ ಒಂದು, ಅದೂ ಜಾಸ್ತಿ. ಆರನೇ ಒಂದು ಸರಿಯಾಗಿ ಕೂರುತ್ತದೆ. ಅಲ್ಲಿಗೆ 5/6 ಅವರ ಮುಂದೆ ಮೇಜಿನ ಮೇಲೇ ಇರುತ್ತದೆ.

ಪಟ್ಟಿ ಮುಟ್ಟುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ. 2/5 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಅರ್ಧಕ್ಕೆ ಇನ್ನೊಂದಿಷ್ಟು ಕೂಡಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತದಾ? ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ. ಆ ಮೌನಕ್ಕಾಗಿಯೇ ನಾನು ಕಾಯುತ್ತೇನೆ.

ಮೂರು ಸಮಭಾಗ ಮಡಿಸುವುದು ಮಕ್ಕಳಿಗೆ ಕಷ್ಟ. ಅದಕ್ಕೆ ಗೆರೆ ಹಾಕಿದ ನೋಟ್‌ಬುಕ್ ಸಾಕು. ಒಂದು ಗೆರೆಯಿಂದ ಶುರುಮಾಡಿ ಕೆಳಕ್ಕೆ 12 ಅಂತರ ಎಣಿಸಿ. ಪಟ್ಟಿಯ ಒಂದು ತುದಿ ಮೊದಲ ಗೆರೆಯ ಮೇಲೆ, ಇನ್ನೊಂದು ತುದಿ ಹನ್ನೆರಡನೇ ಅಂತರ ಮುಗಿಯುವ ಗೆರೆಯ ಮೇಲೆ ಬರುವಂತೆ ಓರೆಯಾಗಿ ಇಡಿ. ನಾಲ್ಕು ಅಂತರಕ್ಕೊಂದು ಗುರುತು ಹಾಕಿದರೆ ಸರಿಯಾಗಿ ಮೂರು ಭಾಗ. 10 ಅಂತರ ತಗೊಂಡು ಎರಡಕ್ಕೊಂದು ಗುರುತು ಹಾಕಿದರೆ ಐದು ಭಾಗ. ಇದು ಯಾಕೆ ಸರಿಯಾಗಿ ಬರುತ್ತದೆ ಅಂತ ಎಂಟನೇ ತರಗತಿಯವರನ್ನು ಕೇಳಿ. ಅದೇ ಒಂದು ಒಳ್ಳೇ ಪಾಠ.

ಇದೆಲ್ಲ ಆದ ಮೇಲೆ ಫೆಟ್ (PhET) ಸಿಮ್ಯುಲೇಶನ್‌ಗಳಿಗೆ ಹೋಗಿ, ಪರದೆ ಮೇಲೆ ಬದಲಿಸಿ ನೋಡುವ ಮಾದರಿಗಳು ಅವು. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು, ಉಚಿತ. ಅಲ್ಲಿ ಛೇದ ಬದಲಿಸಿದರೆ ತುಂಡುಗಳು ಕಣ್ಣೆದುರೇ ಬದಲಾಗುತ್ತವೆ. ಕಾಗದದಲ್ಲಿ ಹತ್ತು ಉದಾಹರಣೆ ಮಾಡುವ ಹೊತ್ತಿಗೆ ಪೀರಿಯಡ್ ಮುಗಿದಿರುತ್ತದೆ. ಅಲ್ಲಿ ಐದು ನಿಮಿಷ ಸಾಕು.

ಹಳೇಮೇಷ್ಟ್ರು

ಚಟುವಟಿಕೆ ಮಾಡಿಸಿದರೆ ಸಾಕು, ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. 30 ವರ್ಷ ಪಾಠ ಮಾಡಿದವನಾಗಿ ಹೇಳುತ್ತಿದ್ದೇನೆ. ಕಾಗದ ಕತ್ತರಿಸುವುದೂ ಸುಮ್ಮನೆ ಬೆರಳಿನ ಕೆಲಸ ಆಗಬಹುದು, ಬಟನ್ ಒತ್ತುವ ಹಾಗೆಯೇ.

ದಾರ ಸುತ್ತಿ ವೃತ್ತದ ಪರಿಧಿ ಅಳೆಯುವ ಚಟುವಟಿಕೆ ಎಲ್ಲರಿಗೂ ಗೊತ್ತಲ್ವಾ? ಪರಿಧಿಯನ್ನು ವ್ಯಾಸದಿಂದ ಭಾಗಿಸು, ಪೈ ಬರುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿಸಿದೆ. ಒಂದು ಗುಂಪಿಗೆ 2.9 ಬರುತ್ತಿತ್ತು, ಇನ್ನೊಂದಕ್ಕೆ 3.3. ಜಾಣ ಗುಂಪಿಗೆ ಪ್ರತಿಸಲ 3.14! ಉತ್ತರ ಮೊದಲೇ ಗೊತ್ತಿದ್ದರಿಂದ ಅಳತೆಯನ್ನೇ ತಿದ್ದಿ ಬರೆಯುತ್ತಿದ್ದರು. ಅಳೆಯುವುದು ಅಂದರೆ ಏನು ಅನ್ನುವುದನ್ನೇ ನಾನು ಕೆಡಿಸುತ್ತಿದ್ದೆ.

ಆಮೇಲೆ ಬದಲಾಯಿಸಿದೆ. ಪೈ ಹೆಸರೇ ಎತ್ತುವುದಿಲ್ಲ. ಭಾಗಾಕಾರವೂ ಇಲ್ಲ. ಡಬ್ಬದ ಮುಚ್ಚಳ, ಬಳೆ, ಬಕೆಟ್ಟಿನ ಬಾಯಿ, ಸೈಕಲ್ ಚಕ್ರ, ಸಿಕ್ಕಿದ್ದೆಲ್ಲ ಅಳೆಯಲಿ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವ್ಯಾಸ, ಮೇಲಕ್ಕೆ ಪರಿಧಿ. ಪ್ರತಿ ಗುಂಪು ತನ್ನ ಚುಕ್ಕೆಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಇಡಬೇಕು. ಚುಕ್ಕೆಗಳು ಒಂದು ಗೆರೆಯಲ್ಲಿ ಸಾಲಾಗಿ ನಿಲ್ಲತೊಡಗಿದಾಗ ಮಕ್ಕಳ ಮುಖ ನೋಡಬೇಕು.

ಒಮ್ಮೆ ಒಂದು ಚುಕ್ಕೆ ಗೆರೆಯಿಂದ ತುಂಬಾ ಮೇಲೆ ನಿಂತಿತು. ಯಾರದು ಅಂತ ನಾನು ಕೇಳಲಿಲ್ಲ. ಹಿಂದಿನ ಬೆಂಚಿನ ಹುಡುಗ ತಾನೇ ಎದ್ದು ಬಂದು ಮುಚ್ಚಳ ಮತ್ತೆ ತಗೊಂಡ. ಸ್ಕೇಲು ನಡುವಿನ ಮೂಲಕ ಹೋಗಿರಲಿಲ್ಲ, ಪಕ್ಕಕ್ಕೆ ಸರಿದಿತ್ತು. ಅದಕ್ಕೇ ವ್ಯಾಸ ಕಡಿಮೆ ಬಂದಿತ್ತು. ಸ್ಕೇಲನ್ನು ಆಚೆ ಈಚೆ ಜರುಗಿಸಿ, "ಸರ್, ಎಲ್ಲಿ ಅತೀ ಉದ್ದ ಬರುತ್ತೋ ಅದೇ ವ್ಯಾಸ" ಅಂದ. ಆ ಮಾತನ್ನು ನಾನು ಅದಕ್ಕಿಂತ ಚೆನ್ನಾಗಿ ಹೇಳಿಕೊಟ್ಟಿಲ್ಲ.

ಸಿಲಬಸ್ ಮುಗಿಸಬೇಕು, ನಿಜ. ಹಾಗಾಗಿ ಎಲ್ಲದಕ್ಕೂ ಚಟುವಟಿಕೆ ಬೇಡ. ಒಂದು ಅಧ್ಯಾಯಕ್ಕೆ ಒಂದು ಸಾಕು, ಮಕ್ಕಳು ಎಲ್ಲಿ ಎಡವುತ್ತಾರೋ ಅಲ್ಲಿಗೆ.

ಕೋಡ್_ಕಲಿಸುವವ

ಮೇಷ್ಟ್ರೇ, ನಿಮ್ಮ ಗೆರೆಯಿಂದ ಆಚೆ ನಿಂತ ಚುಕ್ಕೆ ಓದಿ ನನ್ನ ಕ್ಲಾಸು ನೆನಪಾಯಿತು. ಪರದೆಯಲ್ಲೂ ಅಂಥ ತಪ್ಪು ಸಿಗುತ್ತದೆ. ಆದರೆ ತಪ್ಪು ಅಂತ ಕೆಂಪು ಬಣ್ಣ ತೋರಿಸುವ ಆಟದಲ್ಲಿ ಅಲ್ಲ. ಮಗು ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ತೋರಿಸುವ ಸಾಧನದಲ್ಲಿ.

ಸ್ಕ್ರಾಚ್ ಬಹಳ ಜನರಿಗೆ ಗೊತ್ತು, ಬ್ಲಾಕ್ ಜೋಡಿಸಿ ಮಕ್ಕಳು ಪ್ರೋಗ್ರಾಂ ಮಾಡುವ ಭಾಷೆ. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದದ್ದು. ಅದರ ಹಿಂದೆ 1967ರ ಲೋಗೋ ಇದೆ, ಸೀಮೋರ್ ಪೇಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಮಾಡಿದ ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ಪರದೆ ಮೇಲಿನ ಒಂದು ಆಮೆ, ನಾವು ಹೇಳಿದ ಹಾಗೆ ನಡೆಯುತ್ತಾ ಗೆರೆ ಎಳೆಯುತ್ತದೆ. ಸ್ಕ್ರಾಚ್‌ನಲ್ಲೂ ಪೆನ್ ಸೇರಿಸಿಕೊಂಡರೆ ಅದೇ ಕೆಲಸ.

ಸಮಬಾಹು ತ್ರಿಭುಜ ಬಿಡಿಸಿ ಅಂತ ಹೇಳುತ್ತೇನೆ. ಮೂರೂ ಕೋನ 60 ಡಿಗ್ರಿ ಅಂತ ಎಲ್ಲರಿಗೂ ಬಾಯಿಪಾಠ. ಹಾಗಾಗಿ 100 ಹೆಜ್ಜೆ ನಡೆ, 60 ಡಿಗ್ರಿ ತಿರುಗು, ಮೂರು ಸಲ. ತ್ರಿಭುಜದ ಬದಲು ಬಾಯಿ ತೆರೆದ ಬಟ್ಟಲಿನ ಹಾಗೆ ಏನೋ ಬರುತ್ತದೆ. ಯಾರೋ ಒಬ್ಬರು ಮೂರನ್ನು ಆರು ಮಾಡಿ ನೋಡುತ್ತಾರೆ. ಷಡ್ಭುಜ ಬಂದುಬಿಡುತ್ತದೆ!

ಆಗ ಕಂಪ್ಯೂಟರ್ ಬಿಟ್ಟು ನೆಲಕ್ಕೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ತ್ರಿಭುಜ ಬರೆದು, ಒಂದು ಮಗುವನ್ನು ಅದರ ಮೇಲೆ ನಡೆಸುತ್ತೇನೆ. ಮೂಲೆಗೆ ಬಂದಾಗ ನಿಲ್ಲಿಸಿ, "ಈಗ ನಿನ್ನ ಮೂಗು ಯಾವ ಕಡೆ ಇದೆ? ಯಾವ ಕಡೆಗೆ ತಿರುಗಬೇಕು?" ಅಂತ ಕೇಳುತ್ತೇನೆ. ಮೈ ತಿರುಗುವುದು ಒಳಗಿನ 60 ಅಲ್ಲ, ಹೊರಗಿನ 120. ಮೂರು ಮೂಲೆ ಮುಗಿಸಿ ಮೊದಲಿನ ದಿಕ್ಕಿಗೇ ಮುಖ ಮಾಡಿ ನಿಂತಾಗ, ಒಂದು ಪೂರ್ತಿ ಸುತ್ತು ತಿರುಗಿದ್ದೇನೆ ಅನ್ನುವುದು ಮಗುವಿಗೆ ತಾನಾಗಿ ಗೊತ್ತಾಗುತ್ತದೆ. 360 ಅಲ್ಲಿಂದ ಬಂತು.

ಆಮೇಲೆ ಏಳು ಬಾಹುಗಳ ಆಕೃತಿ ಕೊಡಿ. 360 ಅನ್ನು 7ರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲ. 51 ಹಾಕುತ್ತಾರೆ. ಕೊನೆಯ ಗೆರೆ ಶುರುವಾದ ಚುಕ್ಕೆಗೆ ಸೇರುವುದಿಲ್ಲ, ಕೂದಲೆಳೆಯಷ್ಟು ಬಿರುಕು ಉಳಿಯುತ್ತದೆ. ಏಳು ಸಲ 51 ಅಂದರೆ 357, ಮೂರು ಡಿಗ್ರಿ ಕಡಿಮೆ. 51.43 ಹಾಕಿದರೆ ಬಿರುಕು ಕಣ್ಣಿಗೆ ಕಾಣುವುದಿಲ್ಲ. ದಶಮಾಂಶ ಯಾಕೆ ಬೇಕು ಅಂತ ನಾನು ಭಾಷಣ ಮಾಡುವ ಅಗತ್ಯವೇ ಬರಲಿಲ್ಲ. 144 ಡಿಗ್ರಿ, ಐದು ಸಲ ಅಂತ ಕೊಟ್ಟು ನೋಡಿ. ಏನು ಬರುತ್ತದೆ ಅಂತ ಇಲ್ಲಿ ಹೇಳುವುದಿಲ್ಲ, ನಿಮ್ಮ ಮಕ್ಕಳ ಜೊತೆ ನೋಡಿ.

ಇಬ್ಬರ_ಅಮ್ಮ

ನಾನು ಟೀಚರ್ ಅಲ್ಲ. ದೊಡ್ಡವಳು ಆರನೇ ಕ್ಲಾಸು. ಮನೆಯಲ್ಲಿ ಇರುವುದು ಒಂದೇ ಫೋನು. ಅಭ್ಯಾಸವಾಗಲಿ ಅಂತ ಒಂದು ಆ್ಯಪ್ ಹಾಕಿಕೊಟ್ಟಿದ್ದೆ. ಅದರಲ್ಲಿ ಗಡಿಯಾರ ಓಡುತ್ತಿರುತ್ತದೆ, ತಡವಾದರೆ ನಕ್ಷತ್ರ ಕಳೆಯುತ್ತದೆ. ಎರಡು ವಾರಕ್ಕೆ ಮಗಳು ಫೋನು ಕಂಡರೆ ಅಳುವ ಹಾಗಾಯಿತು. "ನಾನು ದಡ್ಡಿ ಅಮ್ಮ, ನಂಗೆ ಬೇಗ ಬರಲ್ಲ" ಅಂದಳು. ಅವಳು ದಡ್ಡಿ ಅಲ್ಲ. ನಿಧಾನವಾಗಿ ಯೋಚಿಸುವವಳು, ಅಷ್ಟೇ.

ಈಗ ಋಣ ಸಂಖ್ಯೆಗಳಲ್ಲಿ ಸಿಕ್ಕಿಕೊಂಡಿದ್ದಾಳೆ. ಮೈನಸ್ ಮೈನಸ್ ಪ್ಲಸ್ ಅಂತ ಹೇಳುತ್ತಾಳೆ, ಎಲ್ಲಿ ಹಾಕಬೇಕು ಅಂತ ಗೊತ್ತಿಲ್ಲ. −2 − 3 ಅಂದರೂ +5 ಅನ್ನುತ್ತಾಳೆ. ಮನೆಯಲ್ಲಿ ನಾನು ಏನು ಮಾಡಬಹುದು?

ಕಾಗದದೋಣಿ

ಅಮ್ಮ, ಮೊದಲು ಆ ಗಡಿಯಾರದ ಆ್ಯಪ್ ತೆಗೆದುಬಿಡಿ. ಹೊಸ ವಿಷಯ ಕಲಿಯುವಾಗ ಓಟ ಇರಬಾರದು.

ಎರಡು ಬಣ್ಣದ ಗುಂಡಿಗಳು ಸಾಕು, ಶರ್ಟಿನ ಗುಂಡಿ. ನೀಲಿ ಒಂದು ಅಂದರೆ +1, ಕೆಂಪು ಒಂದು ಅಂದರೆ −1. ಒಂದು ನೀಲಿ, ಒಂದು ಕೆಂಪು ಸೇರಿದರೆ ಸೊನ್ನೆ. ಮೊದಲ ದಿನ ಇಷ್ಟನ್ನೇ ಆಡಿ. ಸೊನ್ನೆಯನ್ನು ಎಷ್ಟು ರೀತಿಯಲ್ಲಿ ತೋರಿಸಬಹುದು? ಒಂದು ಜೋಡಿ, ನಾಲ್ಕು ಜೋಡಿ, ಹತ್ತು ಜೋಡಿ, ಎಲ್ಲವೂ ಸೊನ್ನೆಯೇ.

−2 − 3 ಸುಲಭ. ಎರಡು ಕೆಂಪು ಇದೆ. ಮೂರು ನೀಲಿ ತೆಗೆಯಬೇಕು. ನೀಲಿ ಇಲ್ಲವೇ ಇಲ್ಲ. ಹಾಗಾದರೆ ಮೂರು ಸೊನ್ನೆ ಜೋಡಿ ತಂದು ಇಡಿ. ಬೆಲೆ ಬದಲಾಗಲಿಲ್ಲ, ಆದರೆ ಈಗ ನೀಲಿ ಇದೆ. ಮೂರು ನೀಲಿ ತೆಗೆದರೆ ಐದು ಕೆಂಪು. −5.

ಈಗ −3 − (−5). ಮೂರು ಕೆಂಪು ಇದೆ, ಐದು ಕೆಂಪು ತೆಗೆಯಬೇಕು. ಎರಡು ಕಡಿಮೆ ಬೀಳುತ್ತದೆ. ಎರಡು ಸೊನ್ನೆ ಜೋಡಿ ಸೇರಿಸಿ. ಐದು ಕೆಂಪು ಆಯಿತು, ತೆಗೆಯಿರಿ. ಮೇಜಿನ ಮೇಲೆ ಎರಡು ನೀಲಿ. +2. ಯಾವ ಮಂತ್ರವೂ ಬೇಡ. ನೀವು ತೆಗೆಯಬೇಡಿ, ಅವಳೇ ತೆಗೆಯಲಿ. ತೆಗೆಯುತ್ತಾ ಬಾಯಲ್ಲಿ ಹೇಳಲಿ. ಎಷ್ಟು ಹೊತ್ತಾದರೂ ಪರವಾಗಿಲ್ಲ.

ಗುಣಾಕಾರ ಬಂದಾಗ ಗುಂಡಿ ಸ್ವಲ್ಪ ತಡವರಿಸುತ್ತದೆ. ಅಲ್ಲಿ ಸಂಖ್ಯಾರೇಖೆಯೋ ಮಗ್ಗಿಯ ಕ್ರಮವೋ ಒಳ್ಳೆಯದು. ಅದನ್ನು ಆಮೇಲೆ ನೋಡೋಣ.

ದಾಳ_ಎರಡು

ಸಂಭವನೀಯತೆ ಬಗ್ಗೆ ಯಾರೂ ಬರೆದಿಲ್ಲ. ಕೈ ಮತ್ತು ಪರದೆ ಎರಡೂ ನಿಜವಾಗಿ ಬೇಕಾಗುವ ಜಾಗ ಅದು ಅಂತ ನನಗನ್ನಿಸುತ್ತದೆ.

2ರಿಂದ 12ರವರೆಗೆ ಹನ್ನೊಂದು ಕುದುರೆಗಳು. ಎರಡು ದಾಳ ಹಾಕಿ, ಮೊತ್ತ ಎಷ್ಟು ಬಂತೋ ಆ ಕುದುರೆ ಒಂದು ಮನೆ ಮುಂದೆ. ಮೊದಲು ಎಲ್ಲರೂ ತಮ್ಮ ಕುದುರೆ ಆರಿಸಿಕೊಳ್ಳಲಿ. 12 ದೊಡ್ಡದು ಅಂತ ಕೆಲವರು, ಹುಟ್ಟಿದ ತಾರೀಕು ಅಂತ ಕೆಲವರು. ಎರಡು ಆಟ ಆದ ಮೇಲೆ ಎಲ್ಲರಿಗೂ 7ರ ಮೇಲೇ ಕಣ್ಣು. ಯಾಕೆ ಅಂತ ಕೇಳಿ. 36 ಜೋಡಿಗಳ ಚೌಕಳಿ ಅವರೇ ಬರೆಯಲಿ. 7ಕ್ಕೆ ಆರು ದಾರಿ, 12ಕ್ಕೆ ಒಂದೇ.

ಆದರೆ 36 ಸಲ ಹಾಕಿದರೆ ಲೆಕ್ಕದಂತೆ ಬರುವುದಿಲ್ಲ. ಒಂದು ಗುಂಪಿನಲ್ಲಿ 5 ಗೆಲ್ಲುತ್ತದೆ. "ಹಾಗಾದರೆ ನಿಮ್ಮ ಲೆಕ್ಕ ತಪ್ಪು" ಅನ್ನುತ್ತಾರೆ. ಇಲ್ಲಿ ಕಂಪ್ಯೂಟರ್ ಬಳಸಿ. ಸ್ಪ್ರೆಡ್‌ಶೀಟಿನಲ್ಲಿ ಸಾವಿರ ಸಲ ದಾಳ ಹಾಕಲು ಒಂದು ನಿಮಿಷ ಬೇಡ.

ನನ್ನ ಕ್ಲಾಸಿನಲ್ಲಿ ಇಬ್ಬರು 2ರಿಂದ 12ರೊಳಗೆ ಯಾವುದಾದರೂ ಒಂದು ಸಂಖ್ಯೆ ಕೊಡು ಅಂತ ನೇರವಾಗಿ ಬರೆದರು. ಉಳಿದವರು 1ರಿಂದ 6ರೊಳಗೆ ಎರಡು ಸಂಖ್ಯೆ ತೆಗೆದು ಕೂಡಿದರು. ಉಳಿದವರ ಚಿತ್ರ ಬೆಟ್ಟದ ಹಾಗೆ ಬಂತು, ಆ ಇಬ್ಬರದು ಮಟ್ಟಸವಾದ ಬಯಲು. ಕಂಪ್ಯೂಟರ್ ಕೆಟ್ಟಿದೆ ಅಂತ ಜಗಳ. ಕೊನೆಗೆ ಒಬ್ಬಳು ನಿಜವಾದ ಎರಡು ದಾಳ ಎತ್ತಿ ತೋರಿಸಿ, "ನೀವು ಒಂದೇ ದಾಳ ಹಾಕ್ತಿದ್ದೀರ, ಅದಕ್ಕೆ ಹನ್ನೊಂದು ಮುಖ" ಅಂದಳು. ಕೈಯಲ್ಲಿ ಮೊದಲು ಆಡಿರದಿದ್ದರೆ ಈ ಮಾತು ಬರುತ್ತಿರಲಿಲ್ಲ.

ಚುಕ್ಕೆಗೆರೆ

ರೇಖಾಗಣಿತಕ್ಕೆ ಜಿಯೋಜೀಬ್ರಾ (GeoGebra) ಅನ್ನುವ ಸಾಫ್ಟ್‌ವೇರ್ ಬಳಸಿ. ಮಾರ್ಕಸ್ ಹೋಹೆನ್‌ವಾರ್ಟರ್ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ 2001ರಲ್ಲಿ ಶುರುಮಾಡಿದ್ದು. ತ್ರಿಭುಜದ ಮೂಲೆ ಹರಿದು ಜೋಡಿಸಿದರೆ ನೇರ ಗೆರೆ ಬರುತ್ತದೆ, ಅದನ್ನು ಮೊದಲು ಮಾಡಿಸಿ. ಆಮೇಲೆ ಪರದೆಯಲ್ಲಿ ತುದಿ ಹಿಡಿದು ಎಳೆಯಲಿ. ಎಂಥ ವಿಚಿತ್ರ ತ್ರಿಭುಜಕ್ಕೂ ಮೊತ್ತ 180.

ಒಂದು ಎಚ್ಚರಿಕೆ. ಪರದೆ ಕೋನಗಳನ್ನು ಎರಡು ದಶಮಾಂಶಕ್ಕೆ ಸರಿಮಾಡಿ ತೋರಿಸಿದಾಗ, ಕೂಡಿದರೆ ಕೆಲವೊಮ್ಮೆ 180.01 ಬರುತ್ತದೆ. ಅದನ್ನು ಮುಚ್ಚಿಹಾಕಬೇಡಿ. "ಎಲ್ಲ ತ್ರಿಭುಜಕ್ಕೂ ಹೀಗೇ ಅಂತ ಹೇಗೆ ಗೊತ್ತು?" ಅನ್ನುವ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಹರಿದ ಕಾಗದವೂ ಸಾಧನೆ (ಪ್ರೂಫ್) ಅಲ್ಲ, ಎಳೆದ ತುದಿಯೂ ಸಾಧನೆ ಅಲ್ಲ. ಬುಡಕ್ಕೆ ಸಮಾಂತರವಾಗಿ ಮೇಲಿನ ತುದಿಯಲ್ಲಿ ಒಂದು ಗೆರೆ ಎಳೆದು ನೋಡುವ ಹೊತ್ತು ಅದು.

ಚುಕ್ಕೆ ಹಾಳೆಯ ಇನ್ನೊಂದು ಆಟ ಬಿಡಲಾರೆ. ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದು, ಗೆರೆ ಒಂದನ್ನೊಂದು ದಾಟದ ಯಾವುದೇ ಆಕೃತಿ ಮಾಡಿ. ಒಳಗಿನ ಚುಕ್ಕೆಗಳಿಗೆ ಅಂಚಿನ ಚುಕ್ಕೆಗಳ ಅರ್ಧ ಕೂಡಿ, ಒಂದು ಕಳೆಯಿರಿ. ಅದೇ ವಿಸ್ತೀರ್ಣ. 1899ರಲ್ಲಿ ಗೇಯಾರ್ಗ್ ಪಿಕ್ ಕಂಡುಹಿಡಿದದ್ದು. ಸೂತ್ರ ಕೊಡಬೇಡಿ, ಕೋಷ್ಟಕ ಕೊಡಿ. ಒಳಗೆ ಒಂದೂ ಚುಕ್ಕೆ ಇಲ್ಲದ ಆಕೃತಿಗಳಿಂದ ಶುರುಮಾಡಿದರೆ ಏಳನೇ ತರಗತಿಯವರೇ ಹುಡುಕುತ್ತಾರೆ.

ಏಳನೇ_ಕ್ಲಾಸ್_ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಕಾಗದದ ಪಟ್ಟಿಯ ಚಟುವಟಿಕೆ ಮಾಡಿಸಿದೆ. ಆ ಆಟದ ಹುಡುಗಿ ಕಾಲು ಭಾಗ ಇಟ್ಟು, ತೆಗೆದು, ಮತ್ತೆ ಇಟ್ಟು, ಕೊನೆಗೆ ಆರನೇ ಒಂದನ್ನು ಇಟ್ಟಳು. "ಮಿಸ್, ಅರ್ಧದೊಳಗೆ ಇಂಥದ್ದು ಮೂರು ಹಿಡಿಸುತ್ತೆ" ಅಂದಳು. ನಾನು ಕೇಳಿರಲೇ ಇಲ್ಲ. ಅವಳೇ 3/6 ಕಂಡುಕೊಂಡಳು.

ಕ್ಲಾಸಿನಲ್ಲಿ ಒಂದೇ ಪ್ರೊಜೆಕ್ಟರ್ ಇದೆ. ಅದರಲ್ಲಿ ಎಲ್ಲ ಮಕ್ಕಳನ್ನೂ ತೊಡಗಿಸುವುದು ಹೇಗೆ?

ಹಳೇಮೇಷ್ಟ್ರು

ಒಂದೇ ಪರದೆ ಇರುವುದು ಕೊರತೆ ಅಂದುಕೊಳ್ಳಬೇಡಿ. ಪ್ರತಿಯೊಬ್ಬರ ಕೈಯಲ್ಲಿ ನೋಟ್‌ಬುಕ್ ಇರಲಿ. ಏನಾಗುತ್ತದೆ ಅಂತ ಬರೆದ ಮೇಲೆಯೇ ನೀವು ಬಟನ್ ಒತ್ತಬೇಕು. ಬರೆದದ್ದು ತಪ್ಪಾದರೆ ಅಳಿಸುವಂತಿಲ್ಲ, ಪಕ್ಕದಲ್ಲಿ ಯಾಕೆ ಅಂತ ಬರೆಯಬೇಕು. ಕಂಪ್ಯೂಟರ್ ಒಬ್ಬೊಬ್ಬರಿಗೆ ಒಂದೊಂದು ಇದ್ದರೂ ಇದು ಬೇಕು.

ಎ4 ಹಾಳೆಯ ಡಬ್ಬ ಮಾಡಿಸಿ. ಹಾಳೆ 21 ಸೆಂ.ಮೀ. ಅಗಲ, 29.7 ಉದ್ದ. ನಾಲ್ಕೂ ಮೂಲೆಯಲ್ಲಿ ಸಮ ಚೌಕ ಕತ್ತರಿಸಿ ಅಂಚು ಮೇಲೆತ್ತಿದರೆ ಮುಚ್ಚಳವಿಲ್ಲದ ಡಬ್ಬ. ಒಂದು ಗುಂಪಿಗೆ 1 ಸೆಂ.ಮೀ. ಚೌಕ, ಇನ್ನೊಂದಕ್ಕೆ 2, ಹೀಗೆ 7ರವರೆಗೆ. ಯಾವುದರಲ್ಲಿ ಮರಳು ಜಾಸ್ತಿ ಹಿಡಿಯುತ್ತದೆ ಅಂತ ಮೊದಲು ಬರೆಯಲಿ. ಹಾಳೆ ಒಂದೇ ಆದ್ದರಿಂದ ಎಲ್ಲದರಲ್ಲೂ ಅಷ್ಟೇ ಹಿಡಿಯುತ್ತದೆ ಅನ್ನುವವರು ಖಂಡಿತ ಇರುತ್ತಾರೆ. 2ಕ್ಕೆ ಸುಮಾರು 874 ಘನ ಸೆಂ.ಮೀ., 3ಕ್ಕೆ 1066, 4ಕ್ಕೆ 1128, 5ಕ್ಕೆ 1083. ಆಮೇಲೆ ಪರದೆಯಲ್ಲಿ ಗ್ರಾಫ್.

ಏಳನೇ_ಕ್ಲಾಸ್_ಟೀಚರ್

ಮಾಡಿಸಿದೆ ಸರ್, ಎರಡು ಪೀರಿಯಡ್ ಹಿಡಿಯಿತು. ಏಳು ಡಬ್ಬ ಕಿಟಕಿಯ ಮೇಲೆ ಸಾಲಾಗಿ ಕೂತಿವೆ. ಗ್ರಾಫ್ ತೋರಿಸುವ ಮೊದಲೇ ಒಬ್ಬ, "4ಕ್ಕೂ 5ಕ್ಕೂ ನಡುವೆ ನೋಡಬೇಕು ಮಿಸ್, 4.5 ಇರಬಹುದು" ಅಂದ. ಇನ್ನೊಬ್ಬಳು 3.5 ಅಂದಳು. ಸ್ಪ್ರೆಡ್‌ಶೀಟಿನಲ್ಲಿ ಹಾಕುತ್ತಾ ಹಾಕುತ್ತಾ 4.04ರ ಹತ್ತಿರ ನಿಂತೆವು. ಕತ್ತರಿಯಲ್ಲಿ 4.04 ಕತ್ತರಿಸಲು ಆಗುವುದಿಲ್ಲ ಅಂತ ಅವರೇ ಹೇಳಿದರು. ಎರಡೂ ಸಾಧನ ಯಾಕೆ ಬೇಕು ಅಂತ ನನಗೆ ಅಲ್ಲಿ ಸ್ಪಷ್ಟವಾಯಿತು.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಕಸದ ಬುಟ್ಟಿಯಿಂದ ನಾಲ್ಕು ಮೂಲೆ ಚೌಕಗಳನ್ನು ಎತ್ತಿಕೊಂಡು ಬಂದ. "ಇವನ್ನು ಯಾಕೆ ಎಸೆದ್ವಿ? ಇದರಲ್ಲೂ ಒಂದು ಡಬ್ಬ ಆಗಲ್ವಾ?" ಅಂತ ಕೇಳಿದ. ನಾಳೆ ಹೇಳುತ್ತೇನೆ ಅಂದಿದ್ದೇನೆ.

ಹಳೇಮೇಷ್ಟ್ರು

ಹೇಳಬೇಡಿ ಟೀಚರ್. ನಾಲ್ಕು ಚೌಕ, ಅಂಟುವ ಟೇಪು, ಕತ್ತರಿ ಕೊಡಿ. ಹಾಗೇ ನಿಲ್ಲಿಸಿದರೆ ನಾಲ್ಕು ಗೋಡೆ ಆಗುತ್ತದೆ, ತಳ ಇರುವುದಿಲ್ಲ. ಅದನ್ನು ಅವನೇ ನೋಡಲಿ. 4 ಸೆಂ.ಮೀ. ಗುಂಪಿನ ಚೌಕಗಳಾದರೆ ನಾಲ್ಕನ್ನೂ ಅಂಟಿಸಿದಾಗ 8ಕ್ಕೆ 8ರ ಹಾಳೆ. ಅದರ ಮೂಲೆಯಲ್ಲಿ 1 ಕತ್ತರಿಸಿದರೆ 36 ಘನ ಸೆಂ.ಮೀ., 2 ಕತ್ತರಿಸಿದರೆ 32. ಮತ್ತೆ ನಾಲ್ಕು ಚೌಕ ಉಳಿಯುತ್ತವೆ. ಅವನು ಎಲ್ಲಿ ನಿಲ್ಲಿಸುತ್ತಾನೆ ಅಂತ ಬಂದು ಬರೆಯಿರಿ.